ಮೀನಿನ ತೊಟ್ಟಿಗೆ ಬಿದ್ದ ದೀಪ

ಮನೆಗೆಲಸದ ಪಟಾಲಮ್ಮ ಮೀನಿನ ತೊಟ್ಟಿಯ ಪಕ್ಕ ಅಂಗಾತ ಬಿದ್ದಿದ್ದಳು. ಮುಚ್ಚಳವಿಲ್ಲದ ತೊಟ್ಟಿ. ಮೇಲೆ ತೂಗುತ್ತಿದ್ದ ಉದ್ದನೆಯ ದೀಪ ಈಗ ನೀರೊಳಗಿತ್ತು. ಮನೆಯೊಡತಿ ವೇದಾ ಓಡಿಬಂದು ಸ್ವಿಚ್ ಆರಿಸದಿದ್ದರೆ ಪಟಾಲಮ್ಮನ ಉಸಿರು ಅಲ್ಲೇ ನಿಲ್ಲುತ್ತಿತ್ತು. ಆಸ್ಪತ್ರೆ ಸೇರಿ ಗಂಟೆಯಾದರೂ ಪ್ರಜ್ಞೆ ಬಂದ ಸುದ್ದಿಯಿಲ್ಲ.

ವೇದಾಳ ಗಂಡ ವೆಂಕಟಸುಬ್ಬಯ್ಯನವರು ಮಾತ್ರ ಅಪರಾಧಿಯನ್ನು ಆಗಲೇ ಪತ್ತೆಹಚ್ಚಿಬಿಟ್ಟಿದ್ದರು. ಮೂವತ್ತೆರಡು ವರ್ಷ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದವರು. ಯಾರನ್ನೋ ಕೇಳಿ ತಿಳಿಯಬೇಕೇ? ನಿನ್ನೆ ಆ ದೀಪ ತೂಗುಹಾಕಿದವನು ಪುಲಿಕೇಶಿನಗರದ ಅಕ್ವೇರಿಯಂ ಅಂಗಡಿಯ ಫೈಸಲ್. ಅವನನ್ನು ಕೃಷ್ಣರಾಜಪುರದ ತಮ್ಮ ಮನೆಗೆ ಕರೆಸಿ, ಬೀದಿಯವರೆಲ್ಲರ ಎದುರು ಕೊರಳಪಟ್ಟಿ ಹಿಡಿದರು.

"ಎರಡೂ ಕಡೆ ಚೈನ್ ಹಾಕಿದ್ದೆ ಅಂಕಲ್. ಮನೇಲಿ ಟ್ರಿಪ್ಪರ್ ಸರಿಯಾಗಿದ್ಯಾ ಅಂತ ನಿಮ್ಮನ್ನ ಕೇಳ್ದೆ ಕೂಡ."

"ನನಗೇ ಪಾಠ ಹೇಳ್ತೀಯೇನೋ?"

* * *

ಆಸ್ಪತ್ರೆಯಿಂದ ಸುದ್ದಿ ತಿಳಿದು ಬಂದ ಸಬ್ ಇನ್‌ಸ್ಪೆಕ್ಟರ್ ಪದ್ಮಶ್ರೀ ತೊಟ್ಟಿಯ ಸುತ್ತ ಒಂದು ಸುತ್ತು ಬಂದಳು.

"ಒಂದು ಚೈನ್ ಕೊಕ್ಕೆಯಿಂದ ಬಿಚ್ಚಿಕೊಂಡಿದೆ."

"ನೋಡಿದ್ರಾ! ಅರ್ಧಂಬರ್ಧ ಕೆಲಸ," ಎಂದರು ವೆಂಕಟಸುಬ್ಬಯ್ಯ.

"ಅಲ್ಲ ಸರ್. ಕೊಕ್ಕೆ ಗಟ್ಟಿಯಾಗೇ ಇದೆ, ಕೈಯಿಂದ ಬಿಚ್ಚಿರೋದು. ಕೆಳಗೇ ಗಾಜು ಒರೆಸೋ ಬಟ್ಟೆ ಬಿದ್ದಿದೆ."

"ತೊಟ್ಟಿ ಒರೆಸು ಅಂತ ಪಟಾಲಮ್ಮಂಗೆ ನಾನೇ ಹೇಳ್ದೆ," ಎಂದಳು ವೇದಾ ಅಳುತ್ತ.

"ಹಾಗಾದ್ರೆ ದೀಪ ಸರಿಸೋಕೆ ಹೋಗಿ ಜಾರಿಸಿದಾರೆ. ಬಿದ್ದಿದ್ದು ಆಕಸ್ಮಿಕ. ಆದ್ರೆ ಬಿದ್ದ ಕ್ಷಣಾನೇ ಟ್ರಿಪ್ಪರ್ ಕರೆಂಟ್ ಕಡೀಬೇಕಿತ್ತಲ್ಲ?"

ಬಾಗಿಲ ಬಳಿಯ ಕರೆಂಟ್ ಪೆಟ್ಟಿಗೆಯಲ್ಲಿ ಟ್ರಿಪ್ಪರಿನ ಪರೀಕ್ಷೆಯ ಗುಂಡಿ ಒತ್ತಿದಳು. ಟಕ್ ಎಂದು ಕಡ್ಡಿ ಕೆಳಗೆ ಬಿತ್ತು. ಆದರೂ ಕರೆಂಟ್ ಹೋಗಲಿಲ್ಲ; ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಪೆಟ್ಟಿಗೆಯ ಮುಚ್ಚಳ ತೆಗೆಸಿದಳು. ಎರಡು ತುಂಡು ವೈರು ಟ್ರಿಪ್ಪರನ್ನು ದಾಟಿ ಕರೆಂಟನ್ನು ನೇರವಾಗಿ ಒಳಕ್ಕೆ ಬಿಡುತ್ತಿದ್ದವು. ಎರಡಕ್ಕೂ ಕೆಂಪು ದಾರದ ಗಂಟು.

"ನಿನ್ನೆ ಇಲ್ಲಿ ಕೆಲಸ ಮಾಡಿದೋನು ನೀನೇ ತಾನೆ?" ಎಂದು ಫೈಸಲ್‌ನತ್ತ ತಿರುಗಿದಳು. "ನಡಿ ಸ್ಟೇಷನ್‌ಗೆ."

"ನಾನು ಪೆಟ್ಟಿಗೆ ಮುಟ್ಟೇ ಇಲ್ಲ ಮೇಡಂ! ಟ್ರಿಪ್ಪರ್ ಸರಿಯಾಗಿದ್ಯಾ ಅಂತ ಅಂಕಲ್‌ನ ಕೇಳ್ದೆ ಅಷ್ಟೇ."

ವೆಂಕಟಸುಬ್ಬಯ್ಯನವರು ಆ ಗಂಟನ್ನು ಗುರುತಿಸಿದರು. ತಾತ್ಕಾಲಿಕವಾಗಿ ಎಳೆದ ವೈರಿಗೆ ಕೆಂಪು ದಾರ ಕಟ್ಟುವುದು ಅವರ ಕಾರ್ಖಾನೆಯ ಪದ್ಧತಿ, ಬಿಚ್ಚಲು ಮರೆಯಬಾರದೆಂದು. ಈ ಬೀದಿಯಲ್ಲಿ ಅದು ಇನ್ನಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮಾನ ಉಳಿಯುತ್ತದೆ. ಹಾಗೆ ಯೋಚಿಸಿದ್ದಕ್ಕೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

"ಅವನಲ್ಲ ಮೇಡಂ. ನಾನು."

ಬಾಗಿಲಲ್ಲಿ ನೆರೆದಿದ್ದ ಬೀದಿಯವರ ಎದುರೇ ಅವರು ಹೇಳತೊಡಗಿದರು.

"ನಾಲ್ಕು ವರ್ಷದ ಹಿಂದೆ, ಗೃಹಪ್ರವೇಶದ ದಿನ. ಒದ್ದೆ ನೆಲ, ಸೀರಿಯಲ್ ಸೆಟ್ಟು. ಹೋಮದ ಹೊತ್ತಿಗೆ ಮೂರು ಸಲ ಟ್ರಿಪ್ ಆಯ್ತು. ಫೋರ್‌ಮನ್ ಮನೇಲೇ ಕರೆಂಟ್ ಇಲ್ವಾ ಅಂತ ಫ್ಯಾಕ್ಟರಿಯೋರು ನಕ್ರು. ತಡ್ಕೊಳ್ಳೋಕಾಗ್ಲಿಲ್ಲ. ಟ್ರಿಪ್ಪರ್ ದಾಟಿಸಿ ಈ ವೈರ್ ಎಳೆದೆ. ನಾಳೆ ತೆಗೆದ್ರಾಯ್ತು ಅಂದ್ಕೊಂಡೆ. ಮರೆತೇಬಿಟ್ಟೆ."

"ನಿನ್ನೆ ಈ ಹುಡುಗ ಕೇಳಿದಾಗ?"

"ಗುಂಡಿ ಒತ್ತಿ ನೋಡೋಣ ಅಂದ. ಬೈದು ಕಳಿಸ್ದೆ."

ನಾಚಿಕೆಯಿಂದ ಅವರ ತಲೆ ಮೇಲೇಳಲಿಲ್ಲ. ಆ ವೈರು ಇನ್ನೊಂದು ಕ್ಷಣವೂ ಕಣ್ಣಿಗೆ ಬೀಳಬಾರದೆನ್ನಿಸಿತು. ಕಿತ್ತೆಸೆಯಲು ಬರಿಗೈಯನ್ನೇ ಪೆಟ್ಟಿಗೆಗೆ ಹಾಕಿದರು.

ಫೈಸಲ್ ಹಾರಿಬಂದು ಅವರ ಮುಂಗೈ ಹಿಡಿದ.

"ಮುಟ್ಬೇಡಿ ಅಂಕಲ್! ಮೊದ್ಲು ಮೇನ್ ಆಫ್ ಮಾಡ್ಬೇಕು."