ಆ ಗಂಟು ಬೇಡ

"ಮೊದಲು ಆ ಕಾಲುಚೀಲ ಬಿಚ್ರೀ!"

ಲಹರಿ ಬೆಚ್ಚಿಬಿದ್ದಳು. ಹೂಟಗಳ್ಳಿಯ ಕಾರ್ಖಾನೆಯಿಂದ ನೇರವಾಗಿ ಬಂದಿದ್ದ ಪ್ರದ್ಯುಮ್ನ, ಕೈತೊಳೆದವನೇ ಮಗುವಿನ ಹಾಸಿಗೆ ಬಳಿ ನಿಂತು ಗುಡುಗಿದ್ದ. ಅವನು ಅವಳ ಭಾವನ ತಮ್ಮ; ಬಾಣಂತಿ ಅಕ್ಕನ ನೆರವಿಗೆಂದು ಅವಳು ಅವರ ಮನೆಗೆ ಬಂದಿದ್ದಳು. ಹಾಸಿಗೆಯಲ್ಲಿ ಅಕ್ಕ ವಿಭಾಳ ಹಸುಗೂಸು ಕಿರುಚಿ ಅಳುತ್ತಿತ್ತು.

"ಹಸಿವಿಗೆ ಅಳ್ತಿದೆ. ನಾನೇ ಹೆಣೆದಿದ್ದು ಅದು, ಬಿಚ್ಚಲ್ಲ!"

"ಹೆಣೆಯೋಕೆ ಬರದಿದ್ರೆ ಸುಮ್ನಿರ್ಬೇಕು. ಮಗು ಏನು ನಿಮ್ಮ ಆಟದ ಗೊಂಬೇನಾ?"

ಹಾಗೆಂದವನೇ ಎರಡೂ ಕಾಲುಚೀಲ ಕಳಚಿ ಜೇಬಿಗೆ ತುರುಕಿಕೊಂಡು ಹೊರಟೇಬಿಟ್ಟ. ಕಾರಣ ಹೇಳುವುದು ಈ ಮಹಾಶಯನ ಜಾಯಮಾನದಲ್ಲೇ ಇರಲಿಲ್ಲ ಬಿಡಿ! ಅಳು ಕೇಳಿ ಬಂದ ವಿಭಾ ಮಗುವನ್ನೆತ್ತಿಕೊಂಡು ಹಾಲೂಡಿಸಲು ಒಳಗೆ ಹೋದಳು.

ಲಹರಿಗೆ ಅಳುವೇ ಬಂತು. ಮೊಬೈಲಿನಲ್ಲಿ ನೋಡಿ ನೋಡಿ, ಬಿಚ್ಚಿ ಬಿಚ್ಚಿ ಹೆಣೆದ ಮೊದಲ ಕಾಲುಚೀಲ ಅದು!

"ನಮ್ಮ ಪ್ರದ್ಯುಮ್ನಂಗೂ ಲಹರಿಗೂ ಗಂಟು ಹಾಕ್ಬುಟ್ರೆ ಹೆಂಗೆ?" ಎಂದು ಅವನ ತಾಯಿ ಚಂದ್ರಮತಿ ಅದೇ ಬೆಳಿಗ್ಗೆ ಕೇಳಿದ್ದರು. ಲಹರಿ ನಾಚಿ ಅಡುಗೆಮನೆಗೆ ಓಡಿದ್ದಳು. ಅಕ್ಕನ ಮದುವೆಯಲ್ಲಿ ಕಂಡಾಗಿನಿಂದ ಅವಳ ಮನಸ್ಸು ಅವನಿಗೇ ಅಂಟಿಕೊಂಡಿತ್ತು.

ಕಾಲುಚೀಲ ವಾಪಸು ಕೇಳಲೆಂದು ಹೊರಟವಳಿಗೆ ಜಗಲಿಯಿಂದ ಅವನ ದನಿ ಕೇಳಿಸಿತು.

"ಆ ಗಂಟು ಬೇಡವೇ ಬೇಡಮ್ಮ. ಈಗ್ಲೇ ಬಿಚ್ಚಿಹಾಕ್ಬುಡು."

'ನನ್ನ ಜೊತೆಗಿನ ಗಂಟು ಬೇಡವಂತೆ! ಅಷ್ಟೊಂದು ಬೇಡವಾದೆನೇ ನಾನು...?'

ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಅವಳಿಗೆಲ್ಲಿ? ಕಣ್ಣೊರೆಸಿಕೊಳ್ಳುತ್ತಾ ಒಳಗೋಡಿದಳು.

ಮಗುವಿಗೆ ಹೆಸರಿಡುವ ದಿನ ಶ್ರೀರಾಂಪುರದ ಆ ಮನೆ ತುಂಬ ನೆಂಟರು. ಪಂಕ್ತಿಯಲ್ಲಿ ಪ್ರದ್ಯುಮ್ನ ಬಡಿಸುತ್ತಾ ಬಂದ.

"ಕೋಸಂಬರಿ ಹಾಕ್ಲಾ?"

"ನಿಮ್ಮ ಕೈಯಿಂದ ನೀರೂ ಬೇಡ!"

ಊಟವಾದ ಮೇಲೆ ಚಂದ್ರಮತಿ ಅವಳ ಕೈಹಿಡಿದು ಕೇಳಿಯೇಬಿಟ್ಟರು. "ನಮ್ಮನೆ ಸೊಸೆ ಆಗ್ತೀಯೇನಮ್ಮ?"

"ಇಲ್ಲ. ನನಗಿಷ್ಟ ಇಲ್ಲ!"

ಪ್ರದ್ಯುಮ್ನನ ಮುಖ ಬಾಡಿಹೋಯಿತು. ಹಿತ್ತಲಿಗೆ ಹೋದ ಅವಳ ಹಿಂದೆಯೇ ಬಂದ.

"ಯಾಕೆ ಅಂತ ಕೇಳ್ಬೋದಾ?"

"ಯಾವ ಮುಖ ಇಟ್ಕೊಂಡು ಕೇಳ್ತೀರ? ಆ ಗಂಟು ಬೇಡ, ಬಿಚ್ಚಿಹಾಕು ಅಂತ ನಿಮ್ಮಮ್ಮಂಗೆ ಹೇಳಿದ್ದು ನೀವೇ ಅಲ್ವಾ? ಕಿವಿಯಾರೆ ಕೇಳಿದೀನಿ!"

ಅವನು ಹಣೆ ಚಚ್ಚಿಕೊಂಡ.

"ಅದು... ಕಾಲುಚೀಲದ ಗಂಟು ಕಣ್ರೀ! ದಾರದ ಕೊನೇಲಿ ಒಳಗಡೆ ಗಂಟು ಹಾಕಿದ್ರಿ. ಪಾಪು ಕಿರುಬೆರಳಿಗೆ ಒತ್ತಿ ಕೆಂಪಗಾಗಿತ್ತು. ಅಮ್ಮ ಅದನ್ನ ಬಿಚ್ಚಿ, ದಾರದ ತುದೀನ ಹೆಣಿಗೆಯೊಳಗೇ ಸೇರಿಸಿದ್ರು. ಇವತ್ತು ಪಾಪು ಹಾಕ್ಕೊಂಡಿರೋದೂ ಅದನ್ನೇ. ನೋಡ್ಲಿಲ್ವಾ?"

ಕೋಪದಲ್ಲಿ ಅವಳು ಮಗುವಿನ ಕಾಲನ್ನೇ ನೋಡಿರಲಿಲ್ಲ. 'ನನ್ನ ಕೈಯಿಂದಲೇ ಕಂದನಿಗೆ ನೋವಾಯಿತೇ...' ಅವಳ ಕಣ್ಣು ತುಂಬಿತು.

"ಅವತ್ತೇ ಹೇಳೋಕೆ ಏನಾಗಿತ್ತು ನಿಮ್ಗೆ?"

"ಪಾಪು ಅಳೋದು ಕಂಡು ತಲೆಕೆಟ್ಟಿತ್ತು. ಹಾಗೆ ಬೈದಿದ್ದು ನನ್ನ ತಪ್ಪು." ಅವನ ದನಿ ಇಳಿಯಿತು. "ಲಹರಿ... ನಿಮ್ಮನೇಲಿ ಕೇಳು ಅಂತ ಅಮ್ಮನ ಬೆನ್ನು ಬಿದ್ದವನೇ ನಾನು. ನೀವಂದ್ರೆ ನಂಗೆ ಅಷ್ಟು ಇಷ್ಟ."

ಅವಳು ಕಣ್ಣೊರೆಸಿಕೊಂಡಳು. ಆದರೂ ಮುಖ ತಿರುಗಿಸಿದಳು.

"ಇನ್ನೂ ಕೋಪಾನಾ?"

"ಹೂಂ. ಇಳಿಯೋವರೆಗೂ ಇಲ್ಲೇ ನಿಂತಿರಿ."

"ಇಳೀದೇ ಇದ್ರೆ?"

"ಇಲ್ಲೇ ಇರಿ... ನನ್ನ ಜೊತೇಲೇ."