ಅದಲುಬದಲಾದ ಮುಚ್ಚಳಗಳು

"ಆ ಟ್ಯೂಬ್ ಕೆಳಗಿಡಿ, ಸಾರ್!"

"ಹೇಳೋಕೆ ನೀನ್ಯಾರಯ್ಯಾ? ಆ ಕೆಲಸಗೇಡಿಯ ಅಣ್ಣ ತಾನೇ?"

ಪ್ರೊಫೆಸರ್ ಕೈಯಲ್ಲಿ ಎರಡು ಪುಟ್ಟ ಟ್ಯೂಬ್. ಕೆಳಗೆ ಬೀಕರ್ ತುಂಬ ಆ್ಯಸಿಡ್. ಅದರೊಳಗೆ ಬಿದ್ದರೆ ಟ್ಯೂಬಿನ ಮೇಲಿನ ಬರಹ ಮಾಯ. ಜೊತೆಗೆ ನನ್ನ ತಂಗಿಯ ಹನ್ನೊಂದು ವರ್ಷದ ನೌಕರಿಯೂ!

ನಾನು ಪತ್ತೇದಾರ. ಓದಿದ್ದು ಹಳ್ಳಿ ಶಾಲೆಯಲ್ಲಿ. ಕೋಪ ಮಾತ್ರ ಹುಟ್ಟಿನಿಂದಲೇ ಬಂದದ್ದು.

ಬೆಳಿಗ್ಗೆ ತಂಗಿ ಕಣ್ಣೊರೆಸಿಕೊಳ್ಳುತ್ತ ಪಾಠ ಹೇಳಿದ್ದಳು. "ಮಿದುಳಿನ ಕೋಶದಲ್ಲಿ ಪ್ರೋಟೀನ್ ಪಂಪ್ ಇರುತ್ತೆ ಅಣ್ಣ. ಸೋಡಿಯಂ ಆಚೆ ಹಾಕಿ, ಪೊಟ್ಯಾಸಿಯಂ ಒಳಗೆಳೆಯುತ್ತೆ. ಒಂದನೇ ನಮೂನೆ ಎಲ್ಲಾ ಕಡೆ ಸಿಗುತ್ತೆ. ಎರಡನೇದು ಹೆಚ್ಚಾಗಿ ನರಕೋಶಕ್ಕೆ ಆಸರೆಯಾಗಿ, ನಕ್ಷತ್ರದ ಹಾಗಿರೋ ಗ್ಲಿಯಾ ಕೋಶದಲ್ಲಿ. ಮೂರನೇದು ನರಕೋಶದ್ದು."

ನನಗೇ ಅರ್ಥವಾಯಿತು! ಆದರೆ ಪ್ರೊಫೆಸರ್ ಸಾಹೇಬರು ಗ್ಲಿಯಾದಲ್ಲಿ ಮೂರನೇದನ್ನು ಕಂಡುಹಿಡಿದಿದ್ದರು. ಭಾಷಣ, ಚಪ್ಪಾಳೆ, ಫೋಟೋ! ಬೇರೆ ಲ್ಯಾಬಿನವರು ಅದೇ ಪ್ರಯೋಗ ಮಾಡಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮೂನೆಗೊಂದರಂತೆ ಪಂಪನ್ನು ಹೊಳೆಯುವಂತೆ ಮಾಡುವ ದ್ರವಗಳನ್ನು ಟ್ಯೂಬಿಗೆ ತುಂಬಿ ನಂಬರ್ ಬರೆದವಳು ಯಾರು? ತಂಗಿ! ತಪ್ಪು ಅವಳ ತಲೆಗೆ, ಕೆಲಸದಿಂದ ತೆಗೆದ ಆರ್ಡರ್ ಅವಳ ಕೈಗೆ.

ಈಗ ಆ ಪ್ರೊಫೆಸರ್ ಮಣಿಕಟ್ಟು ಹಿಡಿದೆ. ಮೊಣಕೈಯಿಂದ ಗುದ್ದಿದರು... ನನ್ನ ತುಟಿ ಒಡೆಯಿತು. ಓಡಿದರು! ಕಾರಿಡಾರ್... ಮೆಟ್ಟಿಲು... ಡೈರೆಕ್ಟರ್ ಕೋಣೆಯ ಮುಂದೆ ಕೋಟು ಹಿಡಿದೆಳೆದೆ. ಪ್ರೊಫೆಸರ್ ಸಾಹೇಬರು ಗೋಣಿಚೀಲದ ಹಾಗೆ ಕುಸಿದರು.

ಗದ್ದಲಕ್ಕೆ ಡೈರೆಕ್ಟರ್ ಹೊರಬಂದರು. ಹಿಂದೆಯೇ ತಂಗಿ. ಲ್ಯಾಬಿನ ಕೀಲಿ ಒಪ್ಪಿಸಲು ಬಂದಿದ್ದಳು. ಪ್ರೊಫೆಸರ್ ಮುಷ್ಟಿಯಿಂದ ಟ್ಯೂಬ್ ಬಿಡಿಸಿ ಅವಳಿಗೆ ಕೊಟ್ಟೆ.

"ನೋಡಿ ಸಾರ್," ಅಂದಳು ಡೈರೆಕ್ಟರಿಗೆ. "ಮುಚ್ಚಳದ ಮೇಲೆ ಮೂರು. ಟ್ಯೂಬಿನ ಮೈಮೇಲೆ ಎರಡು. ಇನ್ನೊಂದರಲ್ಲಿ ಉಲ್ಟಾ. ಇವರು ಮೂರು ಅಂತ ಹಾಕಿದ್ದು ಎರಡನೇ ದ್ರವ."

"ಎರಡು ಕಡೆ ಯಾಕಮ್ಮಾ ಬರೆದೆ?"

"ಇವರು ಎರಡು ಮುಚ್ಚಳಾನೂ ಒಟ್ಟಿಗೆ ತೆಗೀತಾರೆ ಸಾರ್. ಹಾಕೋವಾಗ ಕೈಗೆ ಸಿಕ್ಕಿದ್ದು ಹಾಕ್ತಾರೆ. ಹನ್ನೊಂದು ವರ್ಷದಿಂದ ನೋಡ್ತಿದೀನಿ."

ಪ್ರೊಫೆಸರ್ ನೆಲದಿಂದಲೇ ಹಲ್ಲು ಕಿರಿದರು. "ಸಣ್ಣ ವಿಷಯ ಬಿಡಮ್ಮಾ! ಆರ್ಡರ್ ಕ್ಯಾನ್ಸಲ್ ಮಾಡಿಸ್ತೀನಿ. ನಾಳೆಯಿಂದ ಬಾ."

ತಂಗಿ ಬಿಳಿ ಕೋಟು ಬಿಚ್ಚಿದಳು. ಮಡಿಸಿ ಅವರ ಎದೆಯ ಮೇಲಿಟ್ಟಳು. ಮೇಲೆ ಕೀಲಿಗೊಂಚಲು.

"ನನ್ನ ಹೆಸರಿಗೆ ಹಾಕಿದ ತಪ್ಪು ಮುಚ್ಚಳ ಮೊದಲು ತೆಗೀರಿ, ಸಾರ್. ಬರಹದಲ್ಲಿ!"

ನಡೆದುಬಿಟ್ಟಳು. ತಿರುಗಿಯೂ ನೋಡಲಿಲ್ಲ.

ಬರಹದಲ್ಲಿ ಕ್ಷಮಾಪಣೆ ಬಂತು. ತಂಗಿ ಮಾತ್ರ ಹೋಗಲಿಲ್ಲ... ನಕ್ಕಿದ್ದರಲ್ಲ, ಆ ಲ್ಯಾಬಿನಲ್ಲಿ ಈಗ ಅವಳೇ ಮುಖ್ಯಸ್ಥೆ!

ಪ್ರೊಫೆಸರ್ ಈಗಲೂ ಕಂಡುಹಿಡಿಯುತ್ತಲೇ ಇದ್ದಾರಂತೆ. ಸದ್ಯಕ್ಕೆ, ಯಾವ ಮುಚ್ಚಳ ಯಾವುದರದ್ದು ಅಂತ.