ರಾಣಿ ಕೂತಿದ್ದ ಎಂಜಿನ್ನು

"ಕಾಲು ಬೇಕಾದ್ರೆ ಬದ್ಲಾಯ್ಸಪ್ಪ. ಅದರ ತಲೆ ಮಾತ್ರ ಮುಟ್ಬೇಡ," ಎಂದಳು ಸೊಣ್ಣಮ್ಮ.

ಪೀಣ್ಯದ ಆ ಶೆಡ್ಡಿನ ಬಾಗಿಲಲ್ಲಿ ಮುದುಕಿ ಚಪ್ಪಲಿ ಬಿಟ್ಟು, ಗುಡಿಗೆ ಬಂದವಳ ಹಾಗೆ ನಿಂತಿದ್ದಳು. ಒಳಗೆ ಮರದ ಸ್ಟ್ಯಾಂಡಿಗೆ ಅವಳ ಹಳೆಯ ದೋಣಿ ಎಂಜಿನ್ನು ನೇತುಹಾಕಿತ್ತು. ನೀರಿಗಿಳಿಯುವ ಉದ್ದ ಭಾಗಕ್ಕೆ ಫಿಟ್ಟರುಗಳು ಕಾಲು ಎನ್ನುತ್ತಾರೆ, ಮೇಲೆ ಕೂತ ಎಂಜಿನ್ನಿಗೆ ತಲೆ. ಕೆರೆಯ ಜೊಂಡು ಕೀಳುವ ಗುತ್ತಿಗೆ ಹಿಡಿದ ರಾಜೇಂದ್ರ ದೋಣಿಯ ಸಮೇತ ಅದನ್ನು ಅವಳಿಂದ ಕೊಂಡಿದ್ದ. ಆ ತಲೆಗೆ ಈಗ ಎಲ್ಲೂ ಬಿಡಿಭಾಗ ಸಿಗುತ್ತಿರಲಿಲ್ಲ. ಕಾಲು ಮಾತ್ರ ಗಟ್ಟಿಯಾಗಿತ್ತು. ಹಳೇ ಕಾಲಿನ ಮೇಲೆ ಹೊಸ ಎಂಜಿನ್ನು ಕೂರಿಸಿಕೊಡು ಎಂದು ಶೆಡ್ಡಿನ ಫಿಟ್ಟರು ಈಶಪ್ಪನಿಗೆ ಒಪ್ಪಿಸಿ ಹೋಗಿದ್ದ.

ಈಶಪ್ಪ ಸಿಂದಗಿ ಕಡೆಯವನು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಬಂದವನು. ಮಾಕಳಿಯಲ್ಲಿ ಒಂದು ಬಾಡಿಗೆ ಕೋಣೆ, ಆ ಕೋಣೆಯಲ್ಲಿ ಹೆಂಡತಿ ಮಹಾದೇವಿ. ಅವನ ಸಂಸಾರವೆಂದರೆ ಅಷ್ಟೇ.

"ತಲಿಯೊಳಗ ಏನೈತಿ ಅಜ್ಜಿ?"

"ನನ್ ಮಗಳವ್ಳೆ. ರಾಣಿ." ಸೊಣ್ಣಮ್ಮ ಸೆರಗಿನಿಂದ ಬಾಯೊರೆಸಿಕೊಂಡಳು. "ನೀನು ಉಟ್ಟೋಕೂ ಮುಂಚೆ ಕೆರೇಲಿ ಮುಳುಗ್ಬುಟ್ಲು. ನಂಗೆ ತಡ್ಕೊಳ್ಳಕ್ಕಾಗ್ನಿಲ್ಲ. ಮಾಟ ಮಾಡೋನ ಕಾಲಿಡ್ದು ಇದರೊಳಗೆ ಕಟ್ಟಾಕಿಸ್ದೆ. ಎಂಜಿನ್ನು ಆಡುವಾಗೆಲ್ಲ ನಂಗೊಬ್ಬಳಿಗೆ ಅವಳ ದನಿ ಕೇಳೋದು. ಆವತ್ತೇ ಏಳಿದ್ದ ಆವಯ್ಯ. ತಲೆ ಎತ್ತಿದ್ರೆ ಇವಳು ಇನ್ನೊಂದು ತಲೆ ಉಡುಕ್ತಾಳೆ. ಎತ್ತಿದವನ ಮನೇಲಿ ಎಣ್ಣು ಯಾರವ್ಳೋ ಅವಳಲ್ಲಿ ಸೇರ್ಕೋತಾಳೆ. ಆ ಎಣ್ಣು ಬಂದು ಇದರೊಳಗೆ ಕೂತ್ಕೋಬೇಕು, ಅಂತ."

ಈಶಪ್ಪ ನಕ್ಕುಬಿಟ್ಟ. "ನಮ್ಮ ಮನ್ಯಾಗಿನಾಕಿ ಬಾಯಿ ನಿಮಗ ಗೊತ್ತಿಲ್ಲ ಬಿಡ್ರಿ. ಒಂದು ದಿನ ಆಕಿ ತಲ್ಯಾಗ ಇದ್ರ ನಿಮ್ಮ ರಾಣಿ ಅಳಕೋತ ವಾಪಸ್ ಓಡಿ ಬರ್ತಾಳ."

ಸೊಣ್ಣಮ್ಮ ನಗಲಿಲ್ಲ. "ಆ ರಾಜೇಂದ್ರ ಇದನ್ನ ಓಡಿಸ್ತೀನಿ ಅಂದಿದ್ದಕ್ಕೆ ಕೊಟ್ಟೆ. ಬಿಚ್ತೀನಿ ಅಂದಿದ್ರೆ ಕೊಡ್ತಿರ್ನಿಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದಳು.

ಇಂಥ ತಮಾಷೆಯನ್ನು ಒಬ್ಬನೇ ಇಟ್ಟುಕೊಳ್ಳಲಾಗದೆ ಅವನು ಹೆಂಡತಿಗೆ ಫೋನು ಹಚ್ಚಿದ.

"ರೀ, ನಗಬ್ಯಾಡ್ರಿ," ಎಂದಳು ಮಹಾದೇವಿ. "ಮಗಳನ್ನ ಕಳಕೊಂಡ ಜೀವ ಅದು. ಅಷ್ಟು ದೂರದಿಂದ ಬಂದಾಕಿಗೆ ಚಾ ಆದ್ರೂ ಕುಡಿಸಿದ್ರೋ ಇಲ್ಲೋ?"

"ಇಲ್ಲ."

"ನಿಮ್ಮ ಬುದ್ಧೀನ ಇಷ್ಟು. ನನ್ನ ತಲಿ ಕೊಡ್ತೀನಂತ ಮಾತ್ರ ಹೇಳಿ ಕಳಿಸೀರಿ. ಹೋಗ್ಲಿ, ತಲಿನೋವೂ ಅದರ ಜೋಡಿ ಹೋಗ್ತೈತಿ."

ನಗುತ್ತಲೇ ಫೋನಿಟ್ಟು ಸ್ಪ್ಯಾನರು ಹಿಡಿದ. ತುಕ್ಕಿನ ಬೋಲ್ಟುಗಳು ನರಳುತ್ತ ಬಿಟ್ಟುಕೊಂಡವು. ತಲೆ ಎತ್ತುತ್ತಲೇ ಕೆರೆಯ ತಳದ ಕೆಸರಿನ ವಾಸನೆ, ಅದರ ಬೆನ್ನಿಗೇ ಬಾಡಿದ ಮರುಗದ ವಾಸನೆ. ಒಳಗೊಂದು ಗಂಟು. ಕಪ್ಪು ದಾರ ಸುತ್ತಿದ ತಾಮ್ರದ ತಗಡು, ಮೊಳೆ ಚುಚ್ಚಿದ ನಿಂಬೆ, ಒಂದು ತುಂಡು ಜಡೆ. ಅಷ್ಟು ವರ್ಷದ ಜಡೆ ಇನ್ನೂ ಒದ್ದೆಯಾಗಿತ್ತು. ಈಶಪ್ಪ ಅದನ್ನು ಎಣ್ಣೆಬಟ್ಟೆಯಲ್ಲಿ ಹಿಡಿದು ಕಸಕ್ಕೆಸೆದ. ಕೈ ಮಾತ್ರ ಉಜ್ಜಿ ಉಜ್ಜಿ ತೊಳೆದ.

ಊಟದ ಹೊತ್ತಿಗೆ ಗುಜರಿಯ ದಾಸಪ್ಪ ಬಂದು ಹಳೇ ತಲೆಯನ್ನು ತಳ್ಳುಗಾಡಿಗೆ ಎತ್ತಿಕೊಂಡ. ಒಳ್ಳೆ ಅಲ್ಯೂಮಿನಿಯಂ, ಹಿಂದಿನ ಬೀದಿಯ ಫೌಂಡ್ರಿಗೆ ಹೋಗುವ ಮಾಲು.

"ಏನ್ ಗುರು, ಮೈ ಬೆಚ್ಚಗದೆ ಇದಕ್ಕೆ? ಈಗ ತಾನೆ ಓಡಿಸಿದ್ಯಾ?"

"ಬಿಸಿಲಿಗೆ ಇಟ್ಟಿದ್ನಿ," ಎಂದ ಈಶಪ್ಪ. ಅದನ್ನು ಅವನು ಬಿಸಿಲಿಗೆ ಇಟ್ಟಿರಲಿಲ್ಲ.

ಹೊಸ ತಲೆ ಹಳೇ ಕಾಲಿಗೆ ಕೂರಲು ನಡುವೆ ಒಂದು ಪ್ಲೇಟು ಬೇಕಿತ್ತು. ಲೇತಿನಲ್ಲಿ ಅದನ್ನು ಕಡೆದು ಜೋಡಿಸುವಷ್ಟರಲ್ಲಿ ಸಂಜೆಯಾಯಿತು. ಕಾಲನ್ನು ನೀರಿನ ಡ್ರಮ್ಮಿಗಿಳಿಸಿ ಹಗ್ಗ ಎಳೆದ. ಎಂಜಿನ್ನು ಮೊದಲ ಎಳೆತಕ್ಕೇ ಹಾಡಿತು. ಅದೇ ಗಳಿಗೆಗೆ ಕರೆಂಟು ಹೋಯಿತು. ಎಂಜಿನ್ನು ಆರಿಸಿದ. ಕತ್ತಲೆಯ ಡ್ರಮ್ಮಿನಲ್ಲಿ ನೀರು ನಿಲ್ಲಲಿಲ್ಲ. ಯಾರೋ ಉಸಿರಿಗಾಗಿ ಬಾಯಿ ತೆರೆದು, ನೀರು ನುಂಗಿ, ಮತ್ತೆ ಬಾಯಿ ತೆರೆದ ಹಾಗೆ.

ಫೋನು ಬಡಿದುಕೊಂಡಿತು. ಪಕ್ಕದ ಕೋಣೆಯ ಚನ್ನಕ್ಕ.

"ಈಶಪ್ಪಾ, ಲಗೂನ ಬಾ. ನಿನ್ನ ಹೆಂಡತಿ ಮಧ್ಯಾಹ್ನ ಊಟ ಬಿಟ್ಟು ಮಲಗಿದಾಕಿ ಈಗ ಎದ್ದಾಳ. ಈ ಊರ ಮಂದಿಗತೆ ಮಾತಾಡಾಕತ್ತಾಳ. ನಾನು ರಾಣಿ ಅಂತಾಳ. ಕೆರಿ ದಂಡಿ ಮ್ಯಾಲೆ ನಮ್ಮಮ್ಮ ಅದಾಳಂತ ಹೊಂಟೇಬಿಟ್ಲು."

ಈಶಪ್ಪ ಮನೆಯ ಕಡೆ ಓಡಲಿಲ್ಲ. ಆ ಹೆಣ್ಣು ಎಂಜಿನ್ನಿನ ತಲೆಯೊಳಗೆ ಕೂರಬೇಕು ಎಂದಿದ್ದಳು ಮುದುಕಿ. ಫೌಂಡ್ರಿಯ ಕಡೆ ಓಡಿದ.

ಬೀದಿಯೆಲ್ಲ ಕತ್ತಲು. ಜನರೇಟರುಗಳ ಗುಡುಗು. ಸುಟ್ಟ ಎಣ್ಣೆಯ ಹೊಗೆ. ಮೋರಿಯಲ್ಲಿ ಎಡವಿದ. ಎದ್ದ. ಓಡಿದ. ಕುಲುಮೆಯೊಂದೇ ಕೆಂಪಗೆ ಕಾಣುತ್ತಿತ್ತು.

"ದಾಸಪ್ಪ ತಂದ ತಲಿ ಎಲ್ಲೈತಿ?"

ಕುಲುಮೆಯವನು ಸಲಾಕೆಯಿಂದ ಲೋಹ ಕರಗಿಸುವ ಮೂಸೆಯನ್ನು ತೋರಿಸಿದ. "ಈಗಷ್ಟೇ ಹಾಕ್ದೆ. ಅರ್ಧ ಕರಗ್ತು."

ಇಕ್ಕಳ ಕಿತ್ತುಕೊಂಡ. ಬಾಗಿದ. ಹುಬ್ಬು ಸುಟ್ಟಿತು. ಸಿಕ್ಕಿತು. ಜಾರಿತು. ಮತ್ತೆ ಹಿಡಿದ. ಎಳೆದ. ಮೆತ್ತಗಾಗಿದ್ದ ಲೋಹ ಇಕ್ಕಳದಲ್ಲೇ ಹರಿಯಿತು. ಇಕ್ಕಳ ಬಿಸಾಡಿ ಬರಿಗೈ ಚಾಚಿದ. ಯಾರೋ ಹಿಂದಿನಿಂದ ಸೊಂಟ ಹಿಡಿದು ಎಳೆದರು. ಆಗ ವಾಸನೆ ಬಂತು. ಬಿಸಿ ಜೋಳದ ರೊಟ್ಟಿ. ಆಮೇಲೆ ದನಿ. ಕಿರುಚಾಟವಲ್ಲ. ಪಕ್ಕದಲ್ಲಿ ಮಲಗಿದವಳು ಮೆಲ್ಲಗೆ ಎಬ್ಬಿಸುವ ದನಿ.

"ರೀ... ಭಾಳ ಸೆಕಿ ಆಗಾಕತ್ತೈತ್ರಿ."

ಮೂಸೆಯ ಮೇಲ್ಮೈ ಕನ್ನಡಿಯಂತೆ ಸಮವಾಯಿತು.

ಸುಟ್ಟ ಕೈಗಳ ಪಟ್ಟಿ ಬಿಚ್ಚುವ ಮುನ್ನವೇ ಅವನು ಕೆರೆಯ ದಂಡೆಯ ಮನೆಗೆ ಹೋದ. ಜಗಲಿಯಲ್ಲಿ ಸೊಣ್ಣಮ್ಮ ಮಗಳ ತಲೆ ಬಾಚುತ್ತಿದ್ದಳು. ಅವನನ್ನು ಕಂಡು ಬಾಚಣಿಗೆ ಕೈಬಿಟ್ಟಳು.

"ನಾನು ಏಳಿದ್ನಲ್ಲಪ್ಪ," ಎಂದು ಅತ್ತಳು. "ನಿನ್ ಎಂಡ್ರು. ಕರ್ಕೊಂಡೋಗು."

ಬಾಯಿ ಹಾಗೆಂದಿತು. ಕೈ ಮಾತ್ರ ಜಡೆಯನ್ನು ಬಿಟ್ಟಿರಲಿಲ್ಲ. ಈಶಪ್ಪ ಆ ಮುದಿ ಕೈಯನ್ನು ನೋಡಿದ. ತಾನಾದರೂ ಹಾಗೇ ಹಿಡಿದುಕೊಳ್ಳುತ್ತಿದ್ದೆ ಅನ್ನಿಸಿತು. ಕರೆದೊಯ್ದರೆ ತಾನು ಕರೆದೊಯ್ಯುವುದಾದರೂ ಯಾರನ್ನು?

ಹುಡುಗಿ ಎದ್ದು ಒಳಗಿಂದ ಚೊಂಬು ತಂದಳು. ಅವನ ಪಟ್ಟಿ ಕಂಡು, ತಾನೇ ಬಾಯಿಗೆ ಹಿಡಿದಳು. "ಬಿಸ್ಲಲ್ಲಿ ಬಂದಿದ್ದೀರ. ಕುಡೀರಿ ಅಣ್ಣ."

ಕುಡಿಯುವಾಗ ಅವಳ ಮುಂಗೈ ಅವನ ಕಣ್ಣೆದುರಿಗೇ ಇತ್ತು. ಅಲ್ಲಿ ಹಸಿರು ಹಚ್ಚೆಯ ಅಕ್ಷರಗಳು. ಮದುವೆಯಾದ ವರ್ಷ, ಸೂಜಿಯ ಉರಿಗೆ ಅವನನ್ನೇ ಬೈಯುತ್ತ ಹಾಕಿಸಿಕೊಂಡದ್ದು.

"ಅಣ್ಣ, ಇದೇನು ಬರ್ದದೆ ನೋಡೇಳಿ," ಎಂದಳು. "ನಂಗೆ ಓದಕ್ಕೆ ಬರಲ್ಲ. ಎಷ್ಟುಜ್ಜಿದ್ರೂ ಓಯ್ತಾನೇ ಇಲ್ಲ."

ಈಶಪ್ಪ ತನ್ನ ಹೆಸರನ್ನು ಓದಿಕೊಂಡ.

"ದೇವರ ಹೆಸರು ಐತವ್ವ," ಎಂದ. "ಉಜ್ಜಬ್ಯಾಡ."